ಸಿಂಧೂ ಬಯಲಿನ ಮೇಲೆ ಅಮ್ಮನ ದನಿ

ಯಾರಾದರೂ ಓದಿ ಹೇಳುವುದನ್ನು ಕೇಳುತ್ತಾ ಕೂರುವುದು ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಪುಸ್ತಕ ಅಂದರೆ ನನ್ನ ಕೈಯಲ್ಲಿರಬೇಕು. ಬೇಕಾದಲ್ಲಿ ನಿಲ್ಲಬೇಕು, ಬೇಡದ್ದನ್ನು ಹಾರಿಸಬೇಕು, ಸಿಟ್ಟು ಬಂದರೆ ಮಗುಚಿ ಹಾಕಬೇಕು. ಇನ್ನೊಬ್ಬರು ಓದುವಾಗ ಬಾಯಿ ಮುಚ್ಚಿ ಕೂರುವುದು ಸಣ್ಣ ಮಕ್ಕಳ ಕೆಲಸ ಅಂತ ನನ್ನ ಲೆಕ್ಕ. ಅಂಥ ನನ್ನನ್ನು ದೇವರು ಒಂದು ಬೇಸಗೆಯಿಡೀ ಟೇಪ್ ರೆಕಾರ್ಡರಿನ ಎದುರು ಕೂರಿಸಿದ. ಕೂತೆ. ಹಟಕ್ಕೆ ಕೂತದ್ದು, ಇಷ್ಟಪಟ್ಟು ಅಲ್ಲ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲ ಆಗಿತ್ತು. ನಮ್ಮ ಮನೆ ಸಮುದ್ರದ ಬದಿಯ ಪೇಟೆಯಲ್ಲಿ, ಬಿಜೈಯ ಒಂದು ಓಣಿಯಲ್ಲಿ. ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಹೋಗಿದ್ದರು. ಅಮ್ಮ ಮನೆಯಲ್ಲೇ ಕೂತು ಬೀಡಿ ಕಟ್ಟಿ ನನ್ನನ್ನೂ ಅಣ್ಣನನ್ನೂ ಸಾಕಿದವಳು. ಅಣ್ಣ ಎಲೆಕ್ಟ್ರಿಷಿಯನ್ ಕೆಲಸ ಕಲಿತು ಮಸ್ಕತ್ತಿಗೆ ಹೋಗಿದ್ದ. ನಾನು ಟೀಚರ್ ಟ್ರೈನಿಂಗ್ ಮುಗಿಸಿ, ಹತ್ತಿರದ ಒಂದು ಶಾಲೆಯಲ್ಲಿ ಆರು, ಏಳನೇ ಕ್ಲಾಸಿಗೆ ಸಮಾಜವನ್ನೂ ವಿಜ್ಞಾನವನ್ನೂ ಕಲಿಸುತ್ತಿದ್ದೆ. ಟೆಂಪರರಿ ಕೆಲಸ, ಆದರೆ ನನ್ನ ಕೆಲಸ. ಅದು ಬಿಟ್ಟು ಬೇರೆ ಎಂತದೂ ನನಗೆ ಬೇಕಿರಲಿಲ್ಲ.

ಆ ವರ್ಷ ನನ್ನ ಕಣ್ಣು ಕೈಕೊಟ್ಟಿತು. ಪೂರ್ತಿ ಕತ್ತಲೆ ಆದದ್ದಲ್ಲ. ಯಾವುದನ್ನು ನೇರ ನೋಡುತ್ತೇನೋ ಅದು ಮಾತ್ರ ಇಲ್ಲ, ಸುತ್ತಲಿನದ್ದೆಲ್ಲ ಉಂಟು. ದಾರಿ ಕಾಣುತ್ತದೆ, ಬಸ್ಸು ಕಾಣುತ್ತದೆ, ಬಸ್ಸಿನ ಬೋರ್ಡು ಕಾಣುವುದಿಲ್ಲ. ಎದುರಿಗೆ ನಿಂತವರ ಭುಜ ಕಾಣುತ್ತದೆ, ಮುಖ ಇಲ್ಲ. ಅಚ್ಚಿನ ಅಕ್ಷರವಂತೂ ಒರೆಸಿ ಹಾಕಿದ ಹಾಗೆ. ಅತ್ತಾವರದ ಆಸ್ಪತ್ರೆಯ ಡಾಕ್ಟರು ಒಂದಲ್ಲ ಎರಡಲ್ಲ, ತುಂಬ ಸಲ ದೀಪ ಹಾಕಿ ನೋಡಿದರು. ಕೊನೆಗೆ, “ಒಳಗಿನ ಪರದೆಯ ನಡುಭಾಗ ಹಾಳಾಗಿದೆಯಮ್ಮ. ಕನ್ನಡಕದಲ್ಲಿ, ಆಪರೇಷನ್ನಿನಲ್ಲಿ ಸರಿಯಾಗುವಂಥದ್ದಲ್ಲ. ಓದುವ ಕೆಲಸ ಬಿಡಬೇಕಾದೀತು” ಎಂದರು. ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಅತ್ತು ಮುಗಿಸಿ ಬಸ್ಸು ಹಿಡಿದೆ.

ಶಾಲೆಯ ಸಂಚಾಲಕರಿಗೆ ವಿಷಯ ಗೊತ್ತಾಗದೆ ಇರುತ್ತದಾ? ಅವರು ಗುತ್ತಿನ ಮನೆತನದವರು, ಅಂದರೆ ಊರಿನ ಹಳೇ ಜಮೀನ್ದಾರರು, ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು, ಶಾಲೆಯೂ ಅವರದ್ದೇ. ಕೆಟ್ಟವರಲ್ಲ. ಆದರೆ ಅವರ ಕನಿಕರ ನನಗೆ ಮೈಮೇಲೆ ಬಿಸಿನೀರು ಬಿದ್ದ ಹಾಗಾಯಿತು.

“ಬೇಜಾರು ಮಾಡಬೇಡ ಮಗಾ,” ಎಂದರು. “ಪುಸ್ತಕ ಓದಲಿಕ್ಕೆ ಆಗದವಳು ಪಾಠ ಮಾಡುವುದು ಹೇಗೆ? ನಾಳೆ ಮಕ್ಕಳ ಮನೆಯವರು ಬಂದು ಕೇಳಿದರೆ ನಾನು ಎಂತ ಹೇಳ್ಲಿ?”

“ಪುಸ್ತಕ ಹಿಡಿಯದೆ ಪಾಠ ಮಾಡಿ ತೋರಿಸಿದರೆ, ಸರ್?”

“ಆಯ್ತು. ಜೂನಲ್ಲಿ ಶಾಲೆ ಶುರುವಾಗುವಾಗ ಬಾ. ಏಳನೇ ಕ್ಲಾಸಿಗೆ ಒಂದು ಪಾಠ ಮಾಡು. ಯಾವುದು ಅಂತ ನಾನು ಅಲ್ಲೇ ಹೇಳ್ತೇನೆ. ಚರಿತ್ರೆಯೂ ಆಗಬಹುದು, ವಿಜ್ಞಾನವೂ ಆಗಬಹುದು. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೇನೆ. ಸರಿಯಾದರೆ ಮುಂದುವರಿ. ಇಲ್ಲದಿದ್ದರೆ ಆಮೇಲೆ ನನ್ನ ಹತ್ತಿರ ಬರಬಾರದು.”

“ಬರುವುದಿಲ್ಲ,” ಎಂದೆ. ಹೇಳುವಾಗ ಜಂಬ, ಹೊರಗೆ ಬಂದಾಗ ಜೂನಿಗೆ ಎಷ್ಟು ದಿನ ಉಂಟು ಅಂತ ಲೆಕ್ಕ ಹಾಕುತ್ತಿದ್ದೆ.

ಕ್ಯಾಸೆಟ್ಟಿನ ವಿಷಯ ಹೇಳಿದ್ದೂ ಆ ಡಾಕ್ಟರೇ. ಕಣ್ಣು ಕಾಣದವರ ಒಂದು ಸಂಘ ಹಂಪನಕಟ್ಟೆಯ ಹತ್ತಿರ ಮಹಡಿಯ ಮೇಲೆ ಇತ್ತು. ಯಾರೋ ಪುಣ್ಯಾತ್ಮರು ಬಿಡುವಿನ ಹೊತ್ತಿನಲ್ಲಿ ಕೂತು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಕ್ಯಾಸೆಟ್ಟಿಗೆ ಹಾಕಿ ಕೊಡುತ್ತಿದ್ದರಂತೆ. ನಿವೃತ್ತ ಹೈಸ್ಕೂಲು ಮಾಸ್ಟ್ರೊಬ್ಬರು ಅದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಅವರಿಗೆ ಕಣ್ಣು ಚೆನ್ನಾಗಿತ್ತು, ಹಲ್ಲು ಮಾತ್ರ ಕಟ್ಟಿಸಿದ್ದು. ಮಾತಾಡಿದರೆ ಟಕ್ ಟಕ್ ಅನ್ನುತ್ತಿತ್ತು. “ಕಥೆ, ಕಾದಂಬರಿ ಬೇಕಾ?” ಎಂದು ಕೇಳಿದರು. “ಬೇಡ. ಹಳೇ ಕಾಲದ ಚರಿತ್ರೆ ಕೊಡಿ, ವಿಜ್ಞಾನ ಕೊಡಿ. ಸಾಮಾನ್ಯರಿಗೆ ಅರ್ಥ ಆಗುವಂಥದ್ದು,” ಎಂದೆ. ಅವರಿಗೆ ಖುಷಿಯಾಯಿತು. ಅಂಥದ್ದನ್ನು ಕೇಳುವವರೇ ಇಲ್ಲವಂತೆ. ಸಮುದ್ರದ ಬಗ್ಗೆ ಒಂದು, ಭೂಮಿಯ ಹುಟ್ಟಿನ ಬಗ್ಗೆ ಒಂದು, ಜೇನುಹುಳದ ಬಗ್ಗೆ ಒಂದು, ಸಿಂಧೂ ನದಿಯ ಬಯಲಿನ ಹಳೇ ನಗರಗಳ ಬಗ್ಗೆ ಒಂದು. ಒಂದು ಕೇಳಿ ವಾಪಸು ಕೊಟ್ಟರೆ ಇನ್ನೊಂದು.

ಮನೆಯಲ್ಲಿ ಅಣ್ಣ ತಂದುಕೊಟ್ಟ ಟೂ-ಇನ್-ವನ್ ಇತ್ತು. ಸಮುದ್ರದ ಕ್ಯಾಸೆಟ್ ಹಾಕಿ, ಗೋಡೆಗೆ ಒರಗಿ, ಬಹಳ ಗಂಭೀರವಾಗಿ ಕೂತೆ. ಓದುವ ಮನುಷ್ಯನ ದನಿ ಚೆನ್ನಾಗಿತ್ತು. ಸ್ವಲ್ಪ ಶೀತ ಆದವರ ಹಾಗೆ, ಆದರೆ ಅವಸರ ಇಲ್ಲದ ದನಿ. ಹಿಂದಿನಿಂದ ಫ್ಯಾನು ತಿರುಗುವುದು ಕೇಳುತ್ತಿತ್ತು, ಆಗಾಗ ಒಂದು ಕಾಗೆ. ಅಲೆ ಹೇಗೆ ಹುಟ್ಟುತ್ತದೆ ಅನ್ನುವಲ್ಲಿವರೆಗೆ ಕೇಳಿದ್ದು ನೆನಪುಂಟು. ಮತ್ತೆ ಅಮ್ಮ ಭುಜ ಅಲುಗಿಸಿ ಎಬ್ಬಿಸಿದ್ದೇ ನೆನಪು. ಮಾರನೇ ದಿನವೂ ಅದೇ ಕರ್ಮ. ಅಂಗಾತ ಮಲಗಿ ಕೇಳಿದರೆ ನಿದ್ದೆ, ಕೂತರೆ ತೂಕಡಿಕೆ, ನಿಂತರೆ ಮನಸ್ಸು ಓಣಿಯ ಮೀನಿನವಳ ಕೂಗಿನ ಹಿಂದೆ ಓಡುತ್ತದೆ. ಮಂಡೆ ಬಿಸಿಯಾಗಿ ಅತ್ತಿಂದಿತ್ತ ಸುತ್ತಿದೆ. ಕಣ್ಣು ಕೊಟ್ಟ ಕೆಲಸವನ್ನು ಕಿವಿ ಮಾಡುವುದಿಲ್ಲ ಅಂತ ಹಟ ಹಿಡಿದ ಹಾಗಿತ್ತು.

ಕೈ ಖಾಲಿ ಇರುವುದರಿಂದಲೇ ಇದೆಲ್ಲ ಅಂತ ಹೊಳೆದದ್ದು ಅಮ್ಮನನ್ನು ನೋಡಿ. ಅಮ್ಮ ತಡ್ಪೆಯನ್ನು, ಅಂದರೆ ಬೀಡಿ ಕಟ್ಟುವ ಮೊರವನ್ನು, ಮಡಿಲಲ್ಲಿ ಇಟ್ಟುಕೊಂಡು ಎಲೆಯಲ್ಲಿ ಹೊಗೆಸೊಪ್ಪು ಹಾಕಿ ಸುರುಟುತ್ತಾ ಸುರುಟುತ್ತಾ ಇಡೀ ಓಣಿಯ ಮಾತು ಕೇಳುತ್ತಾಳೆ, ಒಂದಕ್ಷರ ಬಿಟ್ಟುಹೋಗುವುದಿಲ್ಲ. ನಾನೂ ಇನ್ನೊಂದು ತಡ್ಪೆ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಸುರುಟಲಿಕ್ಕೆ ಕಣ್ಣು ಬೇಡ, ಬೆರಳು ಸಾಕು.

ಅಮ್ಮ ಅದನ್ನು ಕೈಯಿಂದ ಕಿತ್ತುಕೊಂಡಳು. “ಇಡು ಕೆಳಗೆ! ನೀನು ಇದನ್ನು ಮುಟ್ಟಬಾರದು ಅಂತಲೇ ನಾನು ಇಷ್ಟು ವರ್ಷ ಕಟ್ಟಿದ್ದು. ಟೀಚರ್ ಆದವಳು ಈಗ ಬೀಡಿ ಕಟ್ಟುವುದಾ?” ದನಿ ಒಡೆಯಿತು. ಮನೆಯಲ್ಲಿ ನಾವು ಆಡುವುದು ತುಳು. ತುಳುವಿನಲ್ಲಿ ಅಮ್ಮ ಬೈದರೆ ಎದುರು ಮಾತಾಡುವುದು ಕಷ್ಟ.

ಆದರೂ ಹೇಳಿದೆ. “ಟೀಚರ್ ಆಗಿಯೇ ಇರಲಿಕ್ಕೆ ಕಟ್ಟುವುದಮ್ಮ. ಕೈ ಆಡುತ್ತಿದ್ದರೆ ಮಾತ್ರ ಕಿವಿ ಎಚ್ಚರ ಇರುವುದು. ಜೂನ್‌ವರೆಗೆ ಮಾತ್ರ.”

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ತಡ್ಪೆಯನ್ನು ವಾಪಸು ನನ್ನ ಮಡಿಲಿಗೆ ದೂಡಿದಳು.

ಅಲ್ಲಿಂದ ದಾರಿ ಸಿಕ್ಕಿತು ನೋಡಿ. ಒಂದು ವಿಷಯ ಮುಗಿಯುವವರೆಗೆ ಕೇಳುವುದು, ಗುಂಡಿ ಒತ್ತಿ ನಿಲ್ಲಿಸುವುದು, ಕೇಳಿದ್ದನ್ನು ನನ್ನ ಮಾತಿನಲ್ಲಿ ಗೋಡೆಗೆ ಪಾಠ ಮಾಡುವುದು. ಎಡವಿದರೆ ಹಿಂದಕ್ಕೆ ತಿರುಗಿಸಿ ಪುನಃ ಕೇಳುವುದು. ಬೆಟ್ಟದ ತುದಿಯ ಕಲ್ಲಿನೊಳಗೆ ಸಮುದ್ರದ ಚಿಪ್ಪು ಹೇಗೆ ಬಂತು, ಜೇನು ತನ್ನ ಜೊತೆಯವರಿಗೆ ಕುಣಿದು ದಾರಿ ಹೇಳುವುದು ಹೇಗೆ, ಉಬ್ಬರಕ್ಕೂ ಚಂದ್ರನಿಗೂ ಎಂತ ಸಂಬಂಧ, ಎಲ್ಲ ಹೀಗೆಯೇ ತಲೆಯೊಳಗೆ ಹೋಯಿತು. ಪುಸ್ತಕ ಓದುತ್ತಿದ್ದಾಗ ಹಾರಿಸಿ ಬಿಡುತ್ತಿದ್ದ ವಿಷಯಗಳನ್ನು ಇಲ್ಲಿ ಹಾರಿಸಲಿಕ್ಕೆ ಆಗುತ್ತಿರಲಿಲ್ಲ. ಕೇಳಲೇಬೇಕು. ಕೇಳಿ ಕೇಳಿ, ಹಾರಿಸಿದ್ದರಲ್ಲೇ ಒಳ್ಳೆಯದ್ದು ಇತ್ತು ಅಂತ ಗೊತ್ತಾಯಿತು.

ಅಮ್ಮನಿಗೆ ಶಾಲೆಯ ಮುಖ ಗೊತ್ತಿಲ್ಲ. ಆದರೆ ಬಯಲಾಟ ನೋಡಿ ನೋಡಿ ಪುಸ್ತಕದ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಕಥೆ ಹೇಳುವವರಿಗೆ ಹೂಂಗುಟ್ಟುವುದು ಮರ್ಯಾದೆ ಅಂತ ಅವಳು ಕ್ಯಾಸೆಟ್ಟಿಗೂ “ಹೂಂ… ಹೂಂ…” ಅನ್ನುತ್ತಿದ್ದಳು. ಈ ನೆಲವೆಲ್ಲ ಒಂದು ಕಾಲದಲ್ಲಿ ನೀರಿನಡಿ ಇತ್ತು ಅಂತ ಅವರು ಓದಿದಾಗ, “ಇದೆಂತ ದೊಡ್ಡ ಸಂಗತಿ? ನಮ್ಮ ಊರೇ ಸಮುದ್ರ ಹಿಂದೆ ಸರಿದು ಆದದ್ದಂತೆ. ನನ್ನ ಅಜ್ಜಿ ಹೇಳ್ತಿದ್ದಳು. ಇವನಿಗೆ ಈಗ ಗೊತ್ತಾದದ್ದಾ?” ಎಂದಳು. ನಾನು ನಿಲ್ಲಿಸಿ ಅಮ್ಮನಿಗೆ ವ್ಯತ್ಯಾಸ ವಿವರಿಸಬೇಕು. ವಿವರಿಸಿದರೆ ಅವಳು ಇನ್ನೊಂದು ಕೇಳುತ್ತಾಳೆ. ಎಂತ ಸಾವು ಮಾರಾಯ್ರೇ, ಒಂದು ಅಧ್ಯಾಯ ಮುಗಿಯಬೇಕಾದರೆ ಸಂಜೆಯಾಗುತ್ತಿತ್ತು.

ಇನ್ನು ಆ ಎಡವಟ್ಟು. ಅದು ಅರ್ಥವಾಗಬೇಕಾದರೆ ನಮ್ಮ ಮನೆಯ ಕ್ರಮ ಒಂದನ್ನು ಹೇಳಬೇಕು. ಗಲ್ಫಿಗೆ ಹೋದ ಮಕ್ಕಳಿಗೂ ಇಲ್ಲಿಯ ತಾಯಂದಿರಿಗೂ ಆಗ ಕಾಗದಕ್ಕಿಂತ ಕ್ಯಾಸೆಟ್ಟಿನ ವ್ಯವಹಾರವೇ ಜಾಸ್ತಿ. ತುಳು ಆಡುವುದೇ ಹೊರತು ಬರೆಯುವುದು ಯಾರಿಗೂ ಅಭ್ಯಾಸ ಇಲ್ಲ. ಅಮ್ಮನಿಗೆ ಅಂತ ಕನ್ನಡದಲ್ಲಿ ಕಾಗದ ಬರೆಯಲಿಕ್ಕೆ ಕೂತರೆ ಅಣ್ಣನಿಗೆ ತಾಲೂಕು ಆಫೀಸಿಗೆ ಅರ್ಜಿ ಬರೆದ ಹಾಗೆ ಅನಿಸುತ್ತಿತ್ತು. ಅದಕ್ಕೆ ಅವನು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ. ನಾವು ಕೇಳಿ ಆದ ಮೇಲೆ ಅದರ ಮೇಲೆಯೇ ಅಮ್ಮ ಉತ್ತರ ಮಾತಾಡಿ, ವಾಪಸು ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಕೇಳಿ ಆದ ಕ್ಯಾಸೆಟ್ ಅಂದರೆ ಉತ್ತರ ಕಾಯುತ್ತಿರುವ ಕ್ಯಾಸೆಟ್, ಅಷ್ಟೇ ಅವಳ ಪ್ರಪಂಚ. ಕೆಲವು ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಹಲ್ಲು ಮುರಿದಿರುತ್ತದೆ, ಆಗ ರೆಕಾರ್ಡು ಮಾಡುವ ಕೆಂಪು ಗುಂಡಿ ಕೆಳಗೆ ಇಳಿಯುವುದಿಲ್ಲ. ಆ ತೂತಿಗೆ ಏನಾದರೂ ತುರುಕಿದರೆ ಇಳಿಯುತ್ತದೆ ಅಂತ ಅಣ್ಣನೇ ಕಲಿಸಿ ಹೋಗಿದ್ದ.

ಸಿಂಧೂ ಬಯಲಿನ ಕ್ಯಾಸೆಟ್ಟನ್ನು ನಾನು ಅರ್ಧಕ್ಕೆ ನಿಲ್ಲಿಸಿ, ಮೆಷಿನಿನಲ್ಲೇ ಬಿಟ್ಟು, ರೇಷನ್ ಅಂಗಡಿಗೆ ಹೋಗಿದ್ದೆ. ಚರಂಡಿಗಳ ವಿವರದವರೆಗೆ ಕೇಳಿ ಆಗಿತ್ತು. ಆ ಜನ ನಂತರ ಏನಾದರು ಅನ್ನುವುದು ಬರಲಿಕ್ಕಿತ್ತು. ಕ್ಯೂ ಕರಗಿ ವಾಪಸು ಬಂದು ನೋಡುತ್ತೇನೆ, ಮೆಷಿನು ಖಾಲಿ.

“ಇದರಲ್ಲಿದ್ದದ್ದು ಎಲ್ಲಿ ಅಮ್ಮ?”

“ಅಣ್ಣನಿಗೆ ಮಾತಾಡಿ ಕಳಿಸಿದೆ ಮಗಾ. ನಮ್ಮ ಓಣಿಯ ಡ್ರೈವರ್ ಇವತ್ತು ಮಸ್ಕತ್ತಿಗೆ ಹೊರಟದ್ದಲ್ವಾ. ಹಪ್ಪಳದ ಒಟ್ಟಿಗೆ ಕಟ್ಟಿ ಕೊಟ್ಟೆ. ಬೆನ್ನಿನ ತೂತಿಗೆ ಬೀಡಿ ಎಲೆಯ ಚೂರು ಮಡಚಿ ಇಟ್ಟೆ, ಚಂದ ಕೂತಿತು,” ಅಂತ ಬೀಗಿದಳು. “ನೀನು ಕೇಳಿ ಆಗಿತ್ತಲ್ಲ?”

ಪಿತ್ತ ನೆತ್ತಿಗೇರಿತು. ಏನು ಬೈದೆನೋ ಗೊತ್ತಿಲ್ಲ, ಚೀಲ ಅಲ್ಲೇ ಬಿಸಾಡಿ ಓಡಿದೆ. ಡ್ರೈವರ್ ಬಜಪೆಯಿಂದ ಬೊಂಬಾಯಿ ವಿಮಾನ ಹತ್ತುವುದು ಅಂತ ಗೊತ್ತಿತ್ತು. ಬಸ್ಸಿನ ಬೋರ್ಡು ಓದಲಾಗದವಳಿಗೆ ನಮ್ಮ ಊರಿನ ಕಂಡಕ್ಟರುಗಳೇ ದೇವರು. “ಬಜ್ಪೆ ಬಜ್ಪೆ ಬಜ್ಪೆ” ಅಂತ ಕೂಗಿದವನ ಬಸ್ಸು ಹತ್ತಿದೆ. ಗುಡ್ಡ ಹತ್ತುವಾಗ ಇಳಿದು ದೂಡೋಣ ಅನ್ನುವಷ್ಟು ನಿಧಾನ ಅದು.

ವಿಮಾನ ನಿಲ್ದಾಣದ ಹೊರಗೆ ಡ್ರೈವರನ ಇಡೀ ಕುಟುಂಬ ನಿಂತಿತ್ತು. ಅತ್ತೆ, ಮಾವ, ಅಕ್ಕನ ಮಕ್ಕಳು, ಅಳುವ ಹೆಂಡತಿ. ಅವನು ಬಾಗಿಲ ಹತ್ತಿರ ಇದ್ದ. “ಅಣ್ಣಾ, ಅಮ್ಮ ಕೊಟ್ಟ ಕಟ್ಟು ಎಲ್ಲಿ?” ಎಂದು ಕೂಗಿದೆ.

“ಡಬ್ಬ ಒಳಗೆ ಹೋಯ್ತು ಮಾರಾಯ್ತಿ! ನೀನು ಹೆದರಬೇಡ, ನಿನ್ನ ಅಣ್ಣನ ಕೈಗೇ ಕೊಡ್ತೇನೆ,” ಎಂದ ಪಾಪ. ನಾನು ಹಪ್ಪಳದ ಚಿಂತೆಯಲ್ಲಿ ಅಷ್ಟು ದೂರ ಬಂದೆ ಅಂತ ಗ್ರಹಿಸಿದನೋ ಏನೋ. ವಿಮಾನ ಏರಿತು. ಎಲ್ಲರೂ ಕೈ ಬೀಸಿದರು. ನಾನು ಬೇಲಿ ಹಿಡಿದು ನಿಂತು ಅಮ್ಮನಿಗೂ ಡ್ರೈವರನಿಗೂ ಬೀಡಿ ಎಲೆಗೂ ಮನಸ್ಸಿನಲ್ಲೇ ಶಾಪ ಹಾಕಿದೆ.

ಮಾಸ್ಟ್ರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಹಲ್ಲು ಟಕ್ ಅಂತು. “ಅದೊಂದೇ ಪ್ರತಿ ಇದ್ದದ್ದು. ಓದಿದವರಿಗೆ ಬೇರೆ ಊರಿಗೆ ವರ್ಗವಾಗಿದೆ. ಅದು ಬರದೆ ಇನ್ನೊಂದು ಕ್ಯಾಸೆಟ್ ಕೊಡುವ ಹಾಗಿಲ್ಲ. ಇದು ನಿನಗೊಬ್ಬಳಿಗೆ ಮಾಡಿದ ನಿಯಮ ಅಲ್ಲ.” ಕಾಡಿದೆ, ಬೇಡಿದೆ, ಜಪ್ಪಯ್ಯ ಅಂದರೂ ಅವರು ಬಗ್ಗಲಿಲ್ಲ. ಏಪ್ರಿಲ್ ಹಾಗೆ ಹೋಯಿತು. ಅಷ್ಟರವರೆಗೆ ಕೇಳಿದ್ದನ್ನೇ ದಿನವೂ ಗೋಡೆಗೆ ಒಪ್ಪಿಸುತ್ತಿದ್ದೆ, ಮರೆಯದ ಹಾಗೆ. ಅಮ್ಮನ ಹತ್ತಿರ ಬೇಕಾದಷ್ಟೇ ಮಾತು. ಅವಳು ಹೂಂಗುಟ್ಟುವುದನ್ನೂ ನಿಲ್ಲಿಸಿದ್ದಳು, ಅದು ನನಗೆ ಇನ್ನೂ ಸಂಕಟ.

ಮೇ ತಿಂಗಳು ಶುರುವಾಗುವಾಗ ರಜೆಗೆ ಬಂದ ಒಬ್ಬರು ಅಣ್ಣ ಕಳಿಸಿದ ಕಟ್ಟು ತಂದುಕೊಟ್ಟರು. ಒಳಗೆ ಸಂಘದ ಕ್ಯಾಸೆಟ್ಟೇ ಇತ್ತು, ಬೀಡಿ ಎಲೆಯ ಚೂರು ತೆಗೆದು. ಅದರ ಜೊತೆ ಅಣ್ಣನ ಮಾತಿನ ಇನ್ನೊಂದು ಕ್ಯಾಸೆಟ್. ಹಾಕಿದೆ. ಅಮ್ಮ ಬಾಗಿಲ ಬದಿಯಲ್ಲಿ ನಿಂತು ಕೇಳುತ್ತಿದ್ದಳು.

“ಎಂತದು ಮಾರಾಯ್ತಿ ಇದು?” ಎಂದು ಶುರು ಮಾಡಿದ ಅಣ್ಣ. “ಶುಕ್ರವಾರ ರೂಮಿನವರೆಲ್ಲ ಊಟ ಮಾಡಿ ಕೂತಿದ್ದೆವು, ಅಮ್ಮನ ದನಿ ಕೇಳುವ ಅಂತ ಹಾಕಿದರೆ ಯಾರೋ ಗಂಡಸು ಹಳೇ ನಗರದ ಕಥೆ ಹೇಳ್ತಾನೆ. ತೆಗೆಯುವ ಅಂತ ಹೋದರೆ ಇವರು ಬಿಡಲಿಲ್ಲ. ಇಟ್ಟಿಗೆಯೆಲ್ಲ ಒಂದೇ ಅಳತೆಯದ್ದಂತೆ, ಮನೆಮನೆಗೆ ಚರಂಡಿಯಂತೆ, ಎಲ್ಲ ಬಾಯಿ ಬಿಟ್ಟು ಕೇಳಿದೆವು. ಆಗ ನಡುವಿನಲ್ಲಿ ಅಮ್ಮ ಬಂದು ಹಲಸಿನಕಾಯಿ ಬಗ್ಗೆ, ಚಿಕ್ಕಮ್ಮನ ಮಗಳ ಮದುವೆ ಬಗ್ಗೆ ಹೇಳಿದಳು. ಅಮ್ಮ ಮುಗಿಸಿದ ಮೇಲೆ ಪುನಃ ಅವನು ಬಂದು, ‘ಹೀಗೆ ಆ ನಗರಗಳು ಬರಿದಾದವು’ ಅನ್ನುತ್ತಾನೆ. ಹೇಗೆ? ಎಂತಕ್ಕೆ ಬಿಟ್ಟು ಹೋದದ್ದು? ನಡುವಿನದ್ದು ಅಮ್ಮ ನುಂಗಿದ್ದಾಳೆ!”

ಹಿಂದಿನಿಂದ ಗಂಡಸರು ನಗುವುದು ಕೇಳಿತು. ಒಬ್ಬೊಬ್ಬರಾಗಿ ಹತ್ತಿರ ಬಂದು ಮಾತಾಡಿದರು. ಪೈಪಿನ ಕೆಲಸದವನೊಬ್ಬ, “ತಂಗೀ, ಆ ಚರಂಡಿಗೆ ಇಳಿಜಾರು ಹೇಗೆ ಕೊಟ್ಟದ್ದು ಅಂತ ಅದರಲ್ಲಿ ಉಂಟಾ? ನಮಗೆ ಇಲ್ಲಿ ಇಂಜಿನಿಯರ್ ಇದ್ದೂ ನೀರು ನಿಲ್ತದೆ,” ಎಂದ. ಇನ್ನೊಬ್ಬ, “ಇಷ್ಟು ಚಂದದ ಊರು ಬಿಟ್ಟು ಹೋಗಬೇಕಾದರೆ ಅವರಿಗೆ ಎಂಥ ಕಷ್ಟ ಬಂದಿರಬೇಕು?” ಎಂದು ಕೇಳಿದ. ಕೊನೆಗೆ ಅಣ್ಣ, “ನೀನು ಟೀಚರ್ ಅಲ್ವಾ, ಹೇಳು,” ಎಂದು ಮುಗಿಸಿದ. ನನ್ನ ಕಣ್ಣಿನ ವಿಷಯ ಅವನಿಗೆ ನಾವು ಹೇಳಿರಲೇ ಇಲ್ಲ.

ಅಮ್ಮನಿಗೂ ನನಗೂ ಒಟ್ಟಿಗೇ ನಗು ಬಂತು. ನಕ್ಕು ನಕ್ಕು ಅಮ್ಮ ಅತ್ತಳು. ನಾನು ಕ್ಯಾಸೆಟ್ ಹಿಡಿದುಕೊಂಡು ಅದೇ ಗಳಿಗೆಯಲ್ಲಿ ಹಂಪನಕಟ್ಟೆಗೆ ಹೊರಟೆ.

“ಬಂತಾ? ಆದರೆ ನಡುವೆ ಹಾಳಾಗಿದೆಯಲ್ಲ,” ಎಂದರು ಮಾಸ್ಟ್ರು, ಹಾಕಿ ಕೇಳಿ.

“ಹಾಳಾದದ್ದನ್ನು ನಾನೇ ಹೇಳಿ ತುಂಬಿಸಿ ಕೊಡ್ತೇನೆ. ಪುಸ್ತಕ ನಿಮ್ಮ ಕಪಾಟಿನಲ್ಲಿ ಉಂಟಲ್ಲ, ಆ ಪುಟಗಳನ್ನು ನನಗೆ ಓದಿ ಹೇಳಿ.”

“ನನ್ನ ಹಲ್ಲು…” ಎಂದರು.

“ನಿಮ್ಮ ಹಲ್ಲು ನನಗೆ ಕಾಣುವುದಿಲ್ಲ ಮಾಸ್ಟ್ರೇ.”

ಅವರು ಜೋರಾಗಿ ನಕ್ಕರು. “ಒಂದೇ ಸಲ ಓದುವುದು. ಮತ್ತೆ ಕೇಳಬಾರದು. ನಿಜವಾದ ಟೀಚರಾದರೆ ಒಂದೇ ಸಲಕ್ಕೆ ಹಿಡಿದುಕೋ.” ಹಿಡಿದುಕೊಂಡೆ. ಟಕ್ ಟಕ್‌ನ ನಡುವೆ ಬಂದ ಪ್ರತಿಯೊಂದು ಮಾತನ್ನೂ ಬೆರಳು ಮಡಚಿ ಮಡಚಿ ಹಿಡಿದುಕೊಂಡೆ. ದಾರಿಯುದ್ದಕ್ಕೂ ಯಾರ ಹತ್ತಿರವೂ ಮಾತಾಡದೆ, ತುಂಬಿದ ಕೊಡ ಹೊತ್ತವಳ ಹಾಗೆ ಮನೆಗೆ ಬಂದೆ.

ಸಂಘದ ಕ್ಯಾಸೆಟ್ಟಿಗೆ ಕನ್ನಡದಲ್ಲಿ ಹೇಳಿದೆ, ಅಮ್ಮನ ಹಲಸಿನಕಾಯಿಯ ಮೇಲೆಯೇ. ಅಣ್ಣನ ರೂಮಿನವರಿಗೆ ಬೇರೆ ಕ್ಯಾಸೆಟ್ಟಿನಲ್ಲಿ ತುಳುವಿನಲ್ಲಿ ಹೇಳಿದೆ. ಕೆಂಪು ಗುಂಡಿ ಒತ್ತಿ, ನಿಲ್ಲಿಸಿ, ಪುನಃ ಒತ್ತಿದೆ. ಎದುರಿಗೆ ಮಕ್ಕಳಿಲ್ಲ, ಬೆಂಚಿಲ್ಲ, ಇರುವುದು ಒಂದು ಪೆಟ್ಟಿಗೆ. ಆದರೆ ಆ ಗಂಡಸರ ಪ್ರಶ್ನೆ ಕಿವಿಯಲ್ಲಿತ್ತು. ಪೈಪಿನವನಿಗೆ ಉತ್ತರ ಹೇಳುತ್ತಿದ್ದೇನೆ ಅಂತ ಶುರು ಮಾಡಿದ್ದೇ ಮಾತು ಬಂತು. ಇಟ್ಟಿಗೆ ಚರಂಡಿಗೆ ಸ್ವಲ್ಪ ಸ್ವಲ್ಪವೇ ಇಳಿಜಾರು ಕೊಟ್ಟು, ಅಲ್ಲಲ್ಲಿ ಕೆಸರು ತೆಗೆಯಲಿಕ್ಕೆ ಗುಂಡಿ ಬಿಟ್ಟು, ಮೇಲೆ ಹಾಸು ಮುಚ್ಚುತ್ತಿದ್ದರು ಅಂತ ಹೇಳಿದೆ. ಆ ಜನ ಹಡಗು ಕಟ್ಟಿ ವ್ಯಾಪಾರಕ್ಕೆ ಹೋಗುತ್ತಿದ್ದರು, ತಾಮ್ರ ತರುತ್ತಿದ್ದ ದೇಶ ಇವತ್ತಿನ ಒಮಾನ್ ಇರಬೇಕು ಅಂತ ತಿಳಿದವರು ಹೇಳುತ್ತಾರೆ ಅಂದೆ. “ಅಂದರೆ ನೀವು ಈಗ ಕೂತಿದ್ದೀರಲ್ಲ, ಅಲ್ಲಿಗೇ. ನಿಮಗಿಂತ ಮೊದಲೂ ಈ ಕಡೆಯವರು ದುಡಿಮೆಗೆ ಆ ಕಡೆ ಹೋದದ್ದುಂಟು.” ಯಾಕೆ ಊರು ಬಿಟ್ಟರು ಅನ್ನುವುದಕ್ಕೆ, ನದಿ ದಾರಿ ಬದಲಿಸಿತು ಅಂತ ಕೆಲವರು, ಮಳೆ ಕಡಿಮೆಯಾಯಿತು ಅಂತ ಕೆಲವರು, ಯಾರೋ ದಂಡೆತ್ತಿ ಬಂದರು ಅಂತ ಇನ್ನು ಕೆಲವರು. “ಖಂಡಿತ ಹೀಗೆಯೇ ಅಂತ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ,” ಎಂದೆ. ಹಾಗೆ ಹೇಳಲಿಕ್ಕೆ ನಾಚಿಕೆಯಾಗಲಿಲ್ಲ. ಆಮೇಲೆ ನನ್ನ ಕಣ್ಣಿನ ಸಂಗತಿಯನ್ನೂ ಅಣ್ಣನಿಗೆ ಹೇಳಿಬಿಟ್ಟೆ.

ಆ ಕ್ಯಾಸೆಟ್ ಅವರಿಗೆ ತಲುಪಿತೋ ಇಲ್ಲವೋ ಗೊತ್ತಾಗುವ ಮೊದಲೇ ಜೂನ್ ಬಂತು.

ಏಳನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಸಂಚಾಲಕರು ಕೂತರು. “ಉಬ್ಬರ ಮತ್ತು ಇಳಿತ,” ಎಂದರು. ನಾನು ಬೋರ್ಡಿನ ಕಡೆಗೆ ಹೋಗಲೇ ಇಲ್ಲ. “ಬೋಳೂರು, ಬೆಂಗ್ರೆ ಕಡೆಯಿಂದ ಬರುವವರು ಯಾರೆಲ್ಲ ಉಂಟು?” ಎಂದು ಕೇಳಿದೆ. ಮೀನುಗಾರರ ಮನೆಯ ಮಕ್ಕಳು ಎದ್ದು ನಿಂತರು. ನೀರು ಯಾವಾಗ ಏರುತ್ತದೆ, ಹುಣ್ಣಿಮೆಗೆ ಹೇಗೆ, ಅಷ್ಟಮಿಗೆ ಹೇಗೆ ಅಂತ ಅವರ ಬಾಯಿಂದಲೇ ಹೇಳಿಸಿದೆ. ಎಲ್ಲ ಹೇಳಿ ಆದ ಮೇಲೆ, “ಯಾಕೆ?” ಎಂದೆ. ಅಲ್ಲಿಂದ ಚಂದ್ರನ ಸೆಳೆತದ ಪಾಠ ತನ್ನಷ್ಟಕ್ಕೆ ಹೋಯಿತು. ಕೊನೆಗೆ ಪ್ರಶ್ನೆ ಕೊಟ್ಟು ಉತ್ತರ ಬರೆಯಲು ಹೇಳಿದೆ.

ಸಂಚಾಲಕರು ಎದ್ದು ಮುಂದೆ ಬಂದರು. “ಪಾಠ ಚೆನ್ನಾಯ್ತು. ಸುಳ್ಳು ಹೇಳುವುದಿಲ್ಲ. ಆದರೆ ಈ ಮಕ್ಕಳು ಬರೆದದ್ದನ್ನು ತಿದ್ದುವುದು ಯಾರು?”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೇಸಗೆಯಿಡೀ ತಲೆಗೆ ತುಂಬಿಸಿಕೊಂಡದ್ದೇ ತುಂಬಿಸಿಕೊಂಡದ್ದು, ಕಾಪಿ ತಿದ್ದುವುದು ನೆನಪಿಗೇ ಬಂದಿರಲಿಲ್ಲ. ಒಂದು ಕ್ಷಣ ಎಲ್ಲ ಮುಗಿಯಿತು ಅನಿಸಿತು. ಮತ್ತೆ ಬಾಯಿಗೆ ಬಂದದ್ದನ್ನು ಹೇಳಿದೆ. “ಬರೆದವರೇ ಓದಿ ಹೇಳಬೇಕು. ನಾನು ಕೇಳಿ ತಿದ್ದುತ್ತೇನೆ.”

“ಕೇಳಿ ತಿದ್ದುವುದಾ?” ಅವರು ಮುಂದಿನ ಬೆಂಚಿನ ಹುಡುಗಿಯೊಬ್ಬಳ ಕಾಪಿ ಎತ್ತಿಕೊಂಡು ತಾವೇ ಓದಿದರು. “ಚಂದ್ರ ಸೆಳೆಯುವುದರಿಂದ ಸಮುದ್ರದ ನೀರು ದಿನಕ್ಕೆ ಒಂದು ಸಲ ಏರುತ್ತದೆ.”

“ಎರಡು ಸಲ,” ಎಂದೆ. “ಅವಳು ತಿದ್ದಿಕೊಳ್ಳಲಿ.”

ಮುಂದಿನ ಕಾಪಿ. “ಉಬ್ಬರ ಪ್ರತಿದಿನ ಒಂದೇ ಹೊತ್ತಿಗೆ ಬರುವುದಿಲ್ಲ, ದಿನವೂ ಸ್ವಲ್ಪ ತಡವಾಗುತ್ತದೆ. ನನ್ನ ಅಪ್ಪ ಅದನ್ನು ನೋಡಿ ದೋಣಿ ಇಳಿಸುತ್ತಾರೆ. ಅಮಾವಾಸ್ಯೆಯಂದು ಚಂದ್ರನ ಪ್ರಭಾವ ಸಂಪೂರ್ಣ ಇಲ್ಲವಾಗುವ ಕಾರಣ ಸಮುದ್ರವು ಶಾಂತವಾಗಿರುತ್ತದೆ.”

“ಮೊದಲಿನ ಎರಡು ಮಾತು ಸರಿ,” ಎಂದೆ. “ಮೂರನೆಯದ್ದು ತಪ್ಪು. ಅಮಾವಾಸ್ಯೆಗೂ ದೊಡ್ಡ ಉಬ್ಬರವೇ. ಆದರೆ ಅದು ಹುಡುಗ ಬರೆದದ್ದಲ್ಲ ಸರ್, ನೀವು ಸೇರಿಸಿದ್ದು. ದೋಣಿಯವರ ಮನೆಯ ಹುಡುಗ ಹಾಗೆ ಬರೆಯುವುದಿಲ್ಲ.”

ಮಕ್ಕಳು ಕಿಸಕ್ಕೆಂದರು. ಸಂಚಾಲಕರ ಮುಖದಲ್ಲಿ ಎಂತ ಇತ್ತೋ ನನಗೆ ಕಾಣುವುದಿಲ್ಲವಲ್ಲ, ಕೈಯ ಕಾಪಿ ಮಾತ್ರ ಅಂಚಿನಲ್ಲಿ ಕಾಣುತ್ತಿತ್ತು. ಅದನ್ನು ಹುಡುಗನಿಗೆ ವಾಪಸು ಕೊಟ್ಟು ಇನ್ನೊಂದು ತೆಗೆದರು. ಓದಿದರು, ತಿದ್ದಿದೆ. ಮತ್ತೊಂದು. ಗಂಟೆ ಹೊಡೆಯಿತು, ಅವರು ನಿಲ್ಲಿಸಲಿಲ್ಲ. ಬೇರೆ ಕ್ಲಾಸಿನ ಮಕ್ಕಳು ಕಿಟಕಿಗೆ ಬಂದು ನೋಡಿದರು. ಕೊನೆಯ ಬೆಂಚಿನ ಕೊನೆಯ ಕಾಪಿಯವರೆಗೆ ಓದಿ, ಅವರು ಗಂಟಲು ಸರಿ ಮಾಡಿಕೊಂಡರು.

“ನಾಳೆ ಒಂಬತ್ತೂವರೆಗೆ ಬನ್ನಿ,” ಎಂದರು.

“ಒಂಬತ್ತಕ್ಕೇ ಬರ್ತೇನೆ ಸರ್,” ಎಂದೆ. “ಇಷ್ಟು ಜನ ಓದಿ ಮುಗಿಸಬೇಕಲ್ಲ.”